ಏಳು ಹತ್ತರ ಬಿಸಿಲು

ಚೈತನ್ಯನ ತಿಥಿ ಮುಗಿದು, ನೆಂಟರೆಲ್ಲ ಕೂಟಗಲ್ ಬಸ್ಸು ಹತ್ತಿ ಹೋದ ಮೇಲೆ ಬಂದ ಮೊದಲ ಮಾಮೂಲಿ ಬೆಳಿಗ್ಗೆ ಅದು.

ಹಾಲು ಉಕ್ಕಲು ಇನ್ನೂ ಅರ್ಧ ನಿಮಿಷ ಇತ್ತು.

ಕುತ್ತಿಗೆಗೆ ತಣ್ಣಗೆ ಏನೋ ತಾಗಿತು...

ಕಟರ್!

ನನ್ನ ಗಂಡ ಚೈತನ್ಯ ಕಟ್ಟಡದ ಮಾಡೆಲ್‌ಗಳಿಗೆ ರಟ್ಟು ಕತ್ತರಿಸುತ್ತಿದ್ದ ಹಳದಿ ಹಿಡಿಯ ಕಟರ್. ಅವನ ಮೇಜಿನಿಂದಲೇ ಎತ್ತಿಕೊಂಡಿದ್ದರು. ಆಯುಧವನ್ನಾದರೂ ಮನೆಯಿಂದ ತರಬಾರದೇ?

"ಅಲ್ಲಾಡ್ಬೇಡಿ ಅಕ್ಕ. ಡಾಂಗಲ್ ಎಲ್ಲೈತೆ ಹೇಳ್ಬುಡಿ. ತಗಂಡು ಹೊಂಟೋಯ್ತೀವಿ."

"ಯಾವ ಡಾಂಗಲ್?"

"ಅದೇ... ಸಾರು ಕಂಪ್ಯೂಟರ್‌ನಾಗೆ ಸೈನ್ ಹಾಕ್ತಿದ್ರಲ್ಲ. ಪೆನ್ ಡ್ರೈವ್ ಥರ. ನೀಲಿದು."

"ಗೊತ್ತಿಲ್ಲ."

"ಸುಳ್ಳು!"

"ಹಾಲು ಉಕ್ತಾ ಇದೆ."

ಅವನು ನೋಡಿದ. ಎಲ್ಲರೂ ನೋಡುತ್ತಾರೆ. ಹಾಲು ಉಕ್ಕುತ್ತಿದೆ ಎಂದರೆ ಎಂಥ ರೌಡಿಯೂ ಒಲೆಯ ಕಡೆ ತಿರುಗುತ್ತಾನೆ! ಅಷ್ಟು ಸಾಕಾಯಿತು. ಪಾತ್ರೆಯ ಹಿಡಿ ನನ್ನ ಕೈಯಲ್ಲಿತ್ತು. ಹಾಲು ಅವನ ಮುಂಗೈ ಮೇಲಿತ್ತು.

ಕಿರುಚಿದ. ಕಟರ್ ಬಿತ್ತು. ಕಾಲಿನಿಂದ ಅದನ್ನು ಫ್ರಿಜ್ ಕೆಳಗೆ ತಳ್ಳಿದೆ.

ನನಗೆ ಭಯವಾಗಲಿಲ್ಲ. ಹನ್ನೆರಡು ದಿನದಿಂದ ನನಗೆ ಏನೂ ಆಗುತ್ತಿರಲಿಲ್ಲ.

"ಸಾಕು ಬಾಲರಾಜು, ಹೊರಗಿರು," ಎಂಬ ದನಿ ಹಾಲ್‌ನಿಂದ ಬಂತು.

ಬಿಲ್ಡರ್ ಲೋಕೇಶ್. ಬಿಳಿ ಶರ್ಟು, ತಣ್ಣನೆಯ ನಗು. ಚೈತನ್ಯನ ಕುರ್ಚಿಯಲ್ಲಿ ಕೂತಿದ್ದ.

"ಅದು ನನ್ನ ಗಂಡನ ಕುರ್ಚಿ. ಏಳಿ."

ಎದ್ದ. ಅದೇ ಅವನ ಬಗ್ಗೆ ನನಗೆ ಹೆದರಿಕೆ ಹುಟ್ಟಿಸಬೇಕಾಗಿದ್ದ ವಿಷಯ. ಹೇಳಿದ ತಕ್ಷಣ ಏಳುವವರು ಬೇರೇನೋ ಲೆಕ್ಕ ಹಾಕಿರುತ್ತಾರೆ.

ನನ್ನ ಪರಿಚಯ ಹೇಳಿಬಿಡುತ್ತೇನೆ, ಕೇಳಿ. ಹೆಸರು ಪ್ರತಿಮಾ. ಸ್ಟ್ರಕ್ಚರಲ್ ಇಂಜಿನಿಯರ್, ಎಂ.ಟೆಕ್. ನಾನು ಕಟ್ಟಡ ಕಟ್ಟುವವಳಲ್ಲ. ಕಟ್ಟಿದ್ದು ಯಾಕೆ ಬಿರುಕು ಬಿಟ್ಟಿತು ಎಂದು ಪತ್ತೆ ಮಾಡುವವಳು. ಮಾಗಡಿ, ಕುದೂರು, ಕನಕಪುರ... ಎಲ್ಲಿ ಗೋಡೆ ಸೀಳಿದರೂ ನನಗೆ ಫೋನ್ ಬರುತ್ತದೆ.

ಚೈತನ್ಯ ಆರ್ಕಿಟೆಕ್ಟ್. ಅವನು ಕಟ್ಟುತ್ತಿದ್ದ, ನಾನು ಅನುಮಾನ ಪಡುತ್ತಿದ್ದೆ.

ಅವನ ಸಾವು ಕೊಲೆಯೇ ಎಂದು ನೀವು ಕೇಳುತ್ತೀರಿ. ಅಲ್ಲ. ಚನ್ನಪಟ್ಟಣದಿಂದ ರಾಮನಗರಕ್ಕೆ ಬೈಕಿನಲ್ಲಿ ಬರುತ್ತಿದ್ದ. ಸರ್ವಿಸ್ ರಸ್ತೆ, ನೀರಿನ ಟ್ಯಾಂಕರ್, ಸುರಿದು ಹರಿದ ನೀರು. ಐದನೇ ದಿನ ನಾನೇ ಹೋಗಿ ಟೈರಿನ ಗುರುತು ಅಳೆದೆ. ಹನ್ನೊಂದು ಮೀಟರ್. ಯಾರ ತಪ್ಪೂ ಇಲ್ಲ. ಯಾರದ್ದಾದರೂ ಇದ್ದಿದ್ದರೆ ಚೆನ್ನಾಗಿತ್ತು.

"ವಿಷಯ ಸಿಂಪಲ್ ಮೇಡಮ್," ಎಂದ ಲೋಕೇಶ್. "ಚರಕದ ಗಲ್ಲಿಯ ಪ್ರಾಜೆಕ್ಟು. ನಿಮ್ಮೆಜಮಾನ್ರ ಹೆಸರಲ್ಲಿ ಒಪ್ಪಿಗೆ ಆಗಿದೆ. ಸಣ್ಣ ತಿದ್ದುಪಡಿ ಇದೆ, ಇವತ್ತು ಐದು ಗಂಟೆಗೆ ಪೋರ್ಟಲ್ ಮುಚ್ಚುತ್ತೆ. ಅವರ ಸಹಿ ಬೇಕು."

"ಅವನು ಸತ್ತಿದ್ದಾನೆ."

"ಪ್ಲಾನ್ ಮಂಜೂರು ಮಾಡೋ ಆಫೀಸಿಗೆ ಗೊತ್ತಿಲ್ಲವಲ್ಲ! ಕಾಗದದಲ್ಲಿ ಇನ್ನೂ ಇದ್ದಾರೆ. ಪಿನ್ ನಮ್ಮ ಹತ್ರಾನೇ ಇದೆ. ಡಾಂಗಲ್ ಒಂದು ಸಿಕ್ಕಿದ್ರೆ..."

"ಬೇರೆ ಆರ್ಕಿಟೆಕ್ಟನ್ನ ಹಿಡೀರಿ."

"ಹೊಸಬ ಬಂದ್ರೆ ಹೊಸ ಅರ್ಜಿ. ಗಲ್ಲಿಯವರನ್ನೆಲ್ಲ ಕೂರಿಸಿ ಮತ್ತೆ ಕೇಳಬೇಕು. ಅವರು ಒಪ್ಪಿದ್ದು ನಿಮ್ಮೆಜಮಾನ್ರ ಪ್ಲಾನಿಗೆ. ನನ್ನದಕ್ಕಲ್ಲ."

"ನನ್ನ ಹತ್ರ ಇಲ್ಲ."

ಅವನು ಬಾಗಿಲವರೆಗೆ ಹೋಗಿ ತಿರುಗಿದ. ಮೆಲ್ಲಗೆ ಹೇಳಿದ.

"ಆ ಗಲ್ಲಿಯ ನಿಖಾತ್ ಹತ್ರ ಇರಬಹುದಾ? ದಿನಾ ಬೆಳಿಗ್ಗೆ ಏಳಕ್ಕೆಲ್ಲ ಅವಳ ಮನೇಲೇ ಇರ್ತಿದ್ರು. ಇಡೀ ಗಲ್ಲಿಗೆ ಗೊತ್ತು. ನಿಮಗೆ ಗೊತ್ತಿರ್ಲಿಲ್ವಾ? ಸಾರಿ ಮೇಡಮ್."

ಹೋದ.

ನನಗೆ ಏನೂ ಆಗುತ್ತಿರಲಿಲ್ಲ ಎಂದೆನಲ್ಲ?

ಈಗ ಆಯಿತು.

ಆರು ತಿಂಗಳಿಂದ ಅವನ ಶರ್ಟಿಗೆ ಒಂದು ವಾಸನೆ ಇತ್ತು. ಅತ್ತರಾಗಿದ್ದರೆ ಅಂದೇ ಜಗಳ ಆಡುತ್ತಿದ್ದೆ. ಅದು ಬೇಯಿಸಿದ ರೇಷ್ಮೆಹುಳುವಿನ ವಾಸನೆ. ರಾಮನಗರದಲ್ಲಿ ಆ ವಾಸನೆಗೆ ಯಾರೂ ಹೆಂಡತಿಗೆ ಉತ್ತರ ಕೊಡಬೇಕಿಲ್ಲ. ನೂಲು ತೆಗೆಯುವ ಬೀದಿಯಲ್ಲಿ ಕೆಲಸ ಎಂದರೆ ಮುಗಿಯಿತು.

ಪೊಲೀಸರು ವಾಪಸ್ ಕೊಟ್ಟ ಅವನ ಬ್ಯಾಗನ್ನು ಆ ಬೆಳಿಗ್ಗೆ ಮೊದಲ ಸಲ ಬಿಚ್ಚಿದೆ.

ಒಂದು ನೋಟ್‌ಬುಕ್. ಪುಟಪುಟವೂ ಅದೇ. 'ನಿಖಾತ್ ಮನೆ 7.10.' 'ನಿಖಾತ್ ಮನೆ 7.14.' 'ನಿಖಾತ್ ಮನೆ 7.09.' ಬೇರೆ ಮನೆಗಳ ಹೆಸರೂ ಇದ್ದವು. ನನ್ನ ಕಣ್ಣಿಗೆ ಒಂದೇ ಕಂಡಿತು.

ಅದರ ಕೆಳಗೆ ನೇರಳೆ ದುಪಟ್ಟ. ಹೆಂಗಸಿನದು.

ದುಪಟ್ಟದೊಳಗೆ ಕನ್ನಡಿ. ತಟ್ಟೆಯಷ್ಟು ಅಗಲ, ದುಂಡಗೆ. ಮರದ ಚೌಕಟ್ಟಿಗೆ ಚನ್ನಪಟ್ಟಣದ ಕೆಂಪು ಅರಗು, ಹೊಸದಾಗಿ ಹಾಕಿಸಿದ್ದು.

ಬೈಕು ಎರಡಾಗಿತ್ತು. ಹೆಲ್ಮೆಟ್ ಸೀಳಿತ್ತು. ಕನ್ನಡಿಗೆ ಒಂದು ಗೀರೂ ಇರಲಿಲ್ಲ.

ಒಂದು ಕನ್ನಡಿಯ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರೆಯೇ? ನಾನು ಪಟ್ಟೆ.

ಬ್ಯಾಗನ್ನು ಹೆಗಲಿಗೆ ಹಾಕಿದೆ. ಮೇಜಿನ ಮೇಲೆ ಒಂದು ಕವರ್ ಇತ್ತು. ಮರಣ ಪ್ರಮಾಣಪತ್ರ. ಮಾವ ನಿನ್ನೆ ಓಡಾಡಿ ತಂದುಕೊಟ್ಟಿದ್ದರು. ಒಡೆದಿರಲಿಲ್ಲ. ಅದನ್ನೂ ತುರುಕಿಕೊಂಡೆ. ಸ್ಕೂಟರ್ ಹತ್ತಿದೆ.

ಚರಕದ ಗಲ್ಲಿ ಎಂಟು ಅಡಿ ಅಗಲ. ಎರಡೂ ಕಡೆ ಎರಡಂತಸ್ತಿನ ಮನೆಗಳು, ಕೆಳಗೆ ನೂಲು ತೆಗೆಯುವ ಬೇಸಿನ್, ಮೇಲೆ ಸಂಸಾರ. ಬಾಯ್ಲರಿನ ಹಬೆ ಬಾಗಿಲಿನಿಂದ ಬಾಗಿಲಿಗೆ ಹೋಗುತ್ತದೆ. ಮೂಡಣ ತುದಿಯಲ್ಲಿ ಮುಚ್ಚಿಹೋದ ಹಳೇ ರೇಷ್ಮೆ ಕಾರ್ಖಾನೆ, ಅದರ ಇಟ್ಟಿಗೆ ಚಿಮಣಿ. ಲೋಕೇಶ್ ಕಟ್ಟಲಿರುವ ಟವರ್ ಬರುವುದು ಅಲ್ಲೇ.

ಸ್ಕೂಟರನ್ನು ಗಲ್ಲಿಯ ಬಾಯಲ್ಲಿ ಬಿಟ್ಟು ನಡೆದೆ. ಅಭ್ಯಾಸಬಲ... ಕಣ್ಣು ಮೇಲೇ ಇತ್ತು. ಐದನೇ ಮನೆಯ ಸಜ್ಜದ ಕೆಳಗೆ ಗಾರೆ ಉದುರಿ ತುಕ್ಕು ಹಿಡಿದ ಕಂಬಿ ಕಾಣುತ್ತಿತ್ತು. ಐವತ್ತು ಕೆಜಿ ತಡೆದೀತು. ತೊಂಬತ್ತು ಕಷ್ಟ.

ನಿಖಾತ್ ಮನೆ ಎರಡನೆಯದು.

ಅವಳು ಮಹಡಿ ಮೇಲಿದ್ದಳು. ಮೂವತ್ತು ವಯಸ್ಸು. ನಾನು ಬೇಡಿಕೊಂಡಿದ್ದಕ್ಕಿಂತ ಚೆಂದ ಇದ್ದಳು. ನೂಲು ತೆಗೆದ ಮೇಲೆ ಉಳಿದ ಹುಳುಗಳನ್ನು ಬಿಸಿಲಿಗೆ ಹರವುತ್ತಿದ್ದಳು. ಮೀನಿನ ಮೇವಿಗೆ ಹೋಗುತ್ತವೆ. ಅದೇ ವಾಸನೆ... ನನ್ನ ಮನೆಯ ಅಲ್ಮೇರಾದ ವಾಸನೆ!

"ಬನ್ನಿ ಭಾಬಿ. ಬರ್ತೀರಾಂತ ಗೊತ್ತಿತ್ತು."

"ನನ್ನ ಗಂಡನಿಗೆ ಇಲ್ಲಿ ಏನು ಕೊಡ್ತಿದ್ದೆ?"

ಅವಳು ಕೈ ಒರೆಸಿಕೊಂಡಳು.

"ಚಾ."

"ಇನ್ನೇನು?"

"ಕೂರೋಕೆ ಒಂದು ಸ್ಟೂಲು. ಇನ್ನೇನು ಕೊಡ್ಲಿ ಭಾಬಿ? ಕೆಳಗೆ ಗಂಡ ಅವ್ನೆ, ಅತ್ತೆ ಅವ್ಳೆ, ಗಲ್ಲಿ ತುಂಬ ಕಣ್ಣವೆ."

ಕನ್ನಡಿ ತೆಗೆದು ಅವಳ ಮುಖದೆದುರು ಹಿಡಿದೆ. "ಇದು?"

ಅವಳ ಕಣ್ಣು ತುಂಬಿತು. ಅದನ್ನು ಕಂಡು ನನಗೆ ಇನ್ನೂ ಸಿಟ್ಟು ಬಂತು. ನಾನೇ ಅತ್ತಿರಲಿಲ್ಲ. ಇವಳು ಯಾರು ಅಳಲು?

"ನಮ್ಮ ಜಲ್ವಾ ಕನ್ನಡಿ," ಎಂದಳು. "ನಿಕಾಹ್ ದಿನ ಗಂಡು ಹೆಣ್ಣು ಮೊದಲ ಸಲ ಇದ್ರಲ್ಲೇ ಮುಖ ನೋಡೋದು. ನಾನು ಶರೀಫ್ ಮುಖ ನೋಡಿದ್ದು ಇದ್ರಲ್ಲೇ. ಸಾಬ್ರು ಕೇಳಿದ್ರು, ನನ್ನ ದುಪಟ್ಟದಲ್ಲಿ ಸುತ್ತಿ ಕೊಟ್ಟೆ."

"ಯಾಕೆ ಕೇಳಿದ?"

ಅವಳು ಚಿಮಣಿ ತೋರಿಸಿದಳು.

"ಅದರ ತುದಿಗೆ ಕಟ್ಸಿದ್ರು. ಫಳಫಳ ಅಂತಿತ್ತು. ಕಂಪ್ಯೂಟರ್‌ನಲ್ಲಿ ನೆರಳು ತೋರಿಸಿದ್ರೆ ನಮ್ಮೋರು ಯಾರೂ ನಂಬ್ಲಿಲ್ಲ. ಕನ್ನಡಿ ಕಟ್ಟಿ, 'ನಿಮ್ಮ ಮಹಡಿಯಿಂದ ಅದು ಕಂಡ್ರೆ, ಅಷ್ಟೆತ್ತರದ ಕಟ್ಟಡ ಅಲ್ಲಿ ಬಂದ್ರೆ ನಿಮಗೆ ಅಡ್ಡ' ಅಂದ್ರು. ಅರವತ್ಮೂರು ಮನೆಯೋರೂ ನೋಡಿದ್ರು. ಬಿಸಿಲು ಯಾರ ಮಹಡಿಗೆ ಎಷ್ಟೊತ್ತಿಗೆ ಬರ್ತದೆ, ಎಲ್ಲ ಬರ್ಕೊಂಡ್ರು. ನಮ್ಮನೆಗೇ ಮೊದ್ಲು. ಏಳು ಹತ್ತು."

ನಾನು ನೋಟ್‌ಬುಕ್ ಬಿಚ್ಚಿದೆ. ಈ ಸಲ ಓದಿದೆ.

ನಾನೇ ಕಲಿಸಬಹುದಾಗಿದ್ದ ಪಾಠ ಅದು. ಚೈತನ್ಯನ ಪ್ಲಾನಿನಲ್ಲಿ ಗಲ್ಲಿಯ ಕಡೆಗೆ ಎರಡೇ ಅಂತಸ್ತು, ಅಕ್ಕಪಕ್ಕದ ಮನೆಗಳಷ್ಟೇ ಎತ್ತರ. ಅದರ ಹಿಂದೆ ಮೂವತ್ತು ಅಡಿ ಬಿಟ್ಟು ಹನ್ನೆರಡು ಮಹಡಿಯ ಗೋಪುರ, ತೆಳ್ಳಗೆ, ಭುಜ ಓರೆ ಮಾಡಿ ನಿಂತವನ ಹಾಗೆ. ಮೂರನೇ ಮಹಡಿಯಲ್ಲಿ ಗೋಡೆಯೇ ಇಲ್ಲ, ಹಬೆ ಹೋಗಲು ದಾರಿ. ತುಂಬಿದ ಬಸ್ಸಿನಲ್ಲಿ ಒಬ್ಬ ಒಳ್ಳೆಯ ಮನುಷ್ಯ ನಿಲ್ಲುವಂತೆ ಆ ಕಟ್ಟಡ ನಿಂತಿತ್ತು. ಯಾರ ಕಾಲನ್ನೂ ತುಳಿಯದೆ!

ಕೊನೆಯ ಪುಟದಲ್ಲಿ ಲೋಕೇಶನ ಪ್ಲಾನ್. ಹದಿನಾಲ್ಕು ಮಹಡಿ, ಗಲ್ಲಿಯ ಅಂಚಿನಿಂದಲೇ ನೇರ ಗೋಡೆ. ಪಕ್ಕದಲ್ಲಿ ಚೈತನ್ಯನ ಅಕ್ಷರ: 'ನಿಖಾತ್ ಮನೆ 11.20. ಸಹಿ ಹಾಕಲ್ಲ.'

ನಾಲ್ಕು ತಾಸು ಬಿಸಿಲು ಹೋದರೆ ಹುಳು ಒಣಗುವುದಿಲ್ಲ, ಕೊಳೆಯುತ್ತದೆ. ಗಲ್ಲಿಯೂ ಅಷ್ಟೇ.

ಹಾಗಾದರೆ ದ್ರೋಹ ಇರಲಿಲ್ಲ. ನನಗೆ ಸಮಾಧಾನವಾಗಬೇಕಿತ್ತು.

ಆಗಲಿಲ್ಲ. ಮನೆಯಲ್ಲಿ ಆರು ತಿಂಗಳು ಅವನು ಊಟ, ನಿದ್ದೆ, ಕರೆಂಟ್ ಬಿಲ್ ಬಿಟ್ಟು ಬೇರೇನೂ ಮಾತಾಡಿರಲಿಲ್ಲ. ಇದನ್ನೆಲ್ಲ ಇಲ್ಲಿ ಮಾತಾಡಿದ್ದ. ಎಂ.ಟೆಕ್ ಹೆಂಡತಿಗಲ್ಲ... ಈ ಮಹಡಿಗೆ!

"ಇನ್ನೂ ಒಂದೈತೆ ಭಾಬಿ." ನಿಖಾತ್ ರೇಷ್ಮೆ ಗೂಡಿನ ಬುಟ್ಟಿಯೊಳಗೆ ಕೈ ಹಾಕಿದಳು. ಗೂಡುಗಳ ಅಡಿಯಿಂದ ಅದನ್ನು ತೆಗೆದಳು.

ನೀಲಿ ಡಾಂಗಲ್.

"ನಿನ್ನ ಹತ್ರ? ನನಗೆ ಯಾಕೆ ಕೊಡಲಿಲ್ಲ?"

"ಮನೇಲಿಟ್ರೆ ನಿಮ್ಮ ಕುತ್ತಿಗೆಗೆ ಬರ್ತಾರೆ ಅಂದ್ರು."

ನನ್ನ ಕೈ ತಾನಾಗಿ ಕುತ್ತಿಗೆಗೆ ಹೋಯಿತು. ಕಟರ್ ತಾಗಿದ ಗೆರೆ ಇನ್ನೂ ಉರಿಯುತ್ತಿತ್ತು.

ಡಾಂಗಲನ್ನು ಜೇಬಿಗೆ ಹಾಕಿದೆ. ಅದೇ ಹೊತ್ತಿಗೆ ಮೆಟ್ಟಿಲ ಮೇಲೆ ಬೂಟಿನ ಸದ್ದು!

ಬಾಲರಾಜು. ಒಂದು ಕೈಗೆ ಕರ್ಚೀಫು ಸುತ್ತಿತ್ತು. ಇನ್ನೊಂದರಲ್ಲಿ ಕಬ್ಬಿಣದ ಸರಳು.

"ಕೊಟ್ಬುಡಿ ಅಕ್ಕ. ಈಗ ಹಾಲಿಲ್ಲ."

"ಶರೀಫ್!" ನಿಖಾತ್ ಕೂಗಿದಳು. ಬೇಸಿನ್‌ಗಳ ಗಡಗಡ ಸದ್ದಿನಲ್ಲಿ ಅದು ಕೆಳಗೆ ಕೇಳಲಿಲ್ಲ.

ನಾನು ಓಡಿದೆ.

ಒಂದು ಮಹಡಿ ದಾಟಿದೆ. ಗೋಡೆ ಗೋಡೆಗೆ ಅಂಟಿದ ಮನೆಗಳು, ನಡುವೆ ಮೊಣಕಾಲೆತ್ತರದ ಕಟ್ಟೆ ಅಷ್ಟೇ. ಎರಡನೇ ಮಹಡಿ... ಹಗ್ಗದ ಮೇಲಿನ ಬಟ್ಟೆಗಳು ಮುಖಕ್ಕೆ ಬಡಿದವು. ಹಿಂದೆ ಅವನ ಉಸಿರು ಕೇಳಿಸುತ್ತಿತ್ತು. ಮೂರನೆಯದು ಗಲ್ಲಿಯ ಐದನೇ ಮನೆಯ ಮಹಡಿ.

ಮುಂದೆ ದಾರಿ ಇರಲಿಲ್ಲ. ಮಹಡಿಯ ತುಂಬ ಒಣಹಾಕಿದ ಹುಳುಗಳು. ಗೋಡೆಯ ಅಂಚಿನಲ್ಲಿ ಮಾತ್ರ ಪಾದದಗಲ ಜಾಗ.

ಅಂಚಿನಲ್ಲೇ ನಡೆದು ಆಚೆ ತಲುಪಿ ತಿರುಗಿದೆ. ಬ್ಯಾಗಿನಿಂದ ಕನ್ನಡಿ ತೆಗೆದೆ. ಸೂರ್ಯನಿಗೆ ಹಿಡಿದೆ.

ಬೆಳಕು ಅವನ ಎರಡೂ ಕಣ್ಣಿಗೆ ನೇರವಾಗಿ ಹೊಡೆಯಿತು!

"ಅಯ್ಯೋ!" ಮುಖ ಮುಚ್ಚಿಕೊಂಡು ಕಾಲಿಟ್ಟ. ಹುಳುಗಳ ಮೇಲೆ! ಹುಳುವಿನಲ್ಲಿ ಎಷ್ಟು ಎಣ್ಣೆ ಇರುತ್ತದೆ ಎಂದು ಈ ಊರಲ್ಲಿ ಮಕ್ಕಳಿಗೂ ಗೊತ್ತು. ಅವನಿಗೂ ಗೊತ್ತಿತ್ತು. ನೆನಪಾಗುವಷ್ಟು ಸಮಯ ಸಿಗಲಿಲ್ಲ. ಜರ್‍ರನೆ ಜಾರಿ, ತಗ್ಗು ಗೋಡೆ ಹಾರಿ, ಕೆಳಗಿನ ಸಜ್ಜದ ಮೇಲೆ ದಪ್ಪನೆ ಬಿದ್ದ.

ಸರಳು ಗಲ್ಲಿಗೆ ಬಿದ್ದು ಠಣ್ ಎಂದಿತು.

ಬಗ್ಗಿ ನೋಡಿದೆ. ಅದೇ ಸಜ್ಜ. ತುಕ್ಕು ಹಿಡಿದ ಕಂಬಿಯದು. ಗೋಡೆ ಸೇರುವ ಕಡೆ ಕೂದಲೆಳೆಯ ಬಿರುಕು. ಬೆಳೆಯುತ್ತಿತ್ತು.

"ಅಕ್ಕಾ... ಬೀಳ್ತೀನಿ!"

"ಅಲ್ಲಾಡ್ಬೇಡ ಬಾಲರಾಜು. ತೂಕ ಎಷ್ಟು?"

"ಏನು?"

"ನಿನ್ನ ತೂಕ!"

"ತೊಂಬತ್... ತೊಂಬತ್ತೆರಡು!"

"ಹಾಗಾದರೆ ಮೂರು ನಿಮಿಷ. ಗೋಡೆಗೆ ಅಂಟಿ ಮಲಗು. ನನ್ನ ಹಿಂದೆ ಹೇಗೆ ಬಂದೆ?"

"ಲೋಕೇಶಣ್ಣ ಹೇಳಿದ್ರು... 'ಅವ್ಳ ಹೊಟ್ಟೆಗೆ ಒಸಿ ಬೆಂಕಿ ಇಕ್ಕಿವ್ನಿ, ನೆಟ್ಟಗೆ ಅಲ್ಲಿಗೇ ಓಯ್ತಾಳೆ, ಹಿಂದೇನೇ ಹೋಗು' ಅಂತ... ಅಕ್ಕಾ ನಿಮ್ಮ ದಮ್ಮಯ್ಯ!"

ಕೇಳಿದಿರಾ?

ಬಿರುಕು ಹುಡುಕುವವಳು ನಾನು. ನನ್ನೊಳಗಿನದು ಅವನ ಕಣ್ಣಿಗೆ ಬಿದ್ದಿತ್ತು. ಬೆಳಿಗ್ಗೆ ಮರಣ ಪ್ರಮಾಣಪತ್ರದ ಆ ಕವರನ್ನು ನೆಟ್ಟಗೆ ಆಫೀಸಿಗೆ ಒಯ್ದಿದ್ದರೆ ಎಲ್ಲ ಮುಗಿಯುತ್ತಿತ್ತು. ಹೊಟ್ಟೆಕಿಚ್ಚನ್ನು ಹೆಗಲಿಗೆ ಹಾಕಿಕೊಂಡು ಇಲ್ಲಿಗೆ ಬಂದೆ. ಶತ್ರುವನ್ನೂ ಕರೆತಂದೆ.

"ಬೈಕ್ ಕೀ ಎಸಿ. ಮತ್ತೆ ನನ್ನ ಹಿಂದೆ ಬರಬಾರದು."

ಎಸೆದ. ನಿಖಾತ್ ಅಷ್ಟರಲ್ಲಿ ಕೆಳಗೆ ಇಳಿದು ಗಂಡನನ್ನು ಕರೆತಂದಿದ್ದಳು. ಶರೀಫ್ ಬಿದಿರಿನ ಏಣಿ ಒರಗಿಸಿ, "ಬಾರಯ್ಯ ಹೀರೋ, ನಿಧಾನ!" ಎಂದ. ಬಾಲರಾಜು ಇಳಿದ ಮೇಲೆ ಸಜ್ಜದಿಂದ ಒಂದು ಹೆಂಚಿನಷ್ಟು ಗಾರೆ ಕಳಚಿ ಬಿತ್ತು. ಅವನು ಅದನ್ನು ನೋಡಿ ಅಲ್ಲೇ ನೆಲಕ್ಕೆ ಕೂತುಬಿಟ್ಟ.

ಗಲ್ಲಿಯ ಬಾಯಲ್ಲಿ ಲೋಕೇಶನ ಕಾರು ನಿಂತಿತ್ತು. ಒಳಗೆ ಬರಲು ನೋಡಿ, ಗೂಡಿನ ಚೀಲ ಹೇರಿದ ಎರಡು ಆಟೋಗಳ ಮಧ್ಯೆ ಸಿಕ್ಕಿಕೊಂಡಿತ್ತು. ಹಾರ್ನ್ ಹೊಡೆಯುತ್ತಿದ್ದ. ಎಂಟಡಿ ಗಲ್ಲಿಗೆ ಅಷ್ಟು ದೊಡ್ಡದನ್ನು ತಂದರೆ ಹಾಗೇ ಆಗುವುದು!

ಸ್ಕೂಟರ್ ಹತ್ತಿದೆ.

ಆಫೀಸಿನಲ್ಲಿ ಕೌಂಟರ್ ಮುಂದೆ ಏಳು ಜನ. ನನ್ನ ಸರದಿ ಬರುವ ಹೊತ್ತಿಗೆ ಲೋಕೇಶ್ ಬಂದ. ಶರ್ಟಿನ ಮೇಲೆ ಬೆವರು.

"ಮೇಡಮ್, ಒಂದು ನಿಮಿಷ. ಆಯ್ತು, ಅವರ ಹಳೇ ಪ್ಲಾನೇ ಹಾಕೋಣ! ಒಂದಿಂಚೂ ಬದಲಾಯಿಸಲ್ಲ. ಡಾಂಗಲ್ ಕೊಡಿ ಸಾಕು. ಬಾಗಿಲಲ್ಲಿ ಅವರ ಹೆಸರು, ಗ್ರಾನೈಟ್‌ನಲ್ಲಿ. ಆ ಕವರ್ ಒಳಗೆ ಕೊಟ್ರೆ ಫೈಲಿಂದ ಅವರ ಹೆಸರೇ ಹೋಗುತ್ತೆ. ಯಾವನೋ ಇನ್ನೊಬ್ಬ ಕಟ್ತಾನೆ. ನಿಮ್ಮ ಗಂಡಂದು ಅಂತ ಈ ಊರಲ್ಲಿ ಒಂದು ಕಲ್ಲೂ ಉಳಿಯಲ್ಲ."

ಅದು ನಿಜವಾದ ಹೊಡೆತ. ಕಟರ್‌ಗಿಂತ ಒಳಗೆ ಹೋಯಿತು.

ಡಾಂಗಲ್ ಕೈಗೆ ಸಿಕ್ಕರೆ ಅವನು ಹದಿನಾಲ್ಕು ಮಹಡಿಯನ್ನೇ ಹಾಕುತ್ತಾನೆ, ಅದು ಗೊತ್ತಿತ್ತು. ಆದರೂ ಒಂದು ಕ್ಷಣ ಇನ್ನೊಂದೂ ಅನ್ನಿಸಿತು. ಅವನ ಆರು ತಿಂಗಳನ್ನು ಆ ಗಲ್ಲಿ ತೆಗೆದುಕೊಂಡಿದೆ. ಬಿಸಿಲನ್ನೂ ನಾನೇ ಯಾಕೆ ಉಳಿಸಿಕೊಡಬೇಕು? ಹನ್ನೊಂದು ಇಪ್ಪತ್ತಕ್ಕೆ ಎದ್ದೇಳಲಿ ಅವಳು, ಕತ್ತಲಲ್ಲಿ!

ಒಂದೇ ಕ್ಷಣ.

"ಸತ್ತವನ ಸಹಿ ಭಾರ ಹೊರಲ್ಲ, ಲೋಕೇಶ್ ಅವರೇ. ಹನ್ನೆರಡು ಮಹಡಿಯದ್ದೂ ಅಷ್ಟೇ, ಹದಿನಾಲ್ಕರದ್ದೂ ಅಷ್ಟೇ."

"ಏನಮ್ಮ?" ಎಂದರು ಕೌಂಟರಿನ ರಾಮಲಿಂಗಯ್ಯ, ಕನ್ನಡಕದ ಮೇಲಿಂದ. ಎದೆಯ ಮೇಲೆ ಹೆಸರಿನ ಪಟ್ಟಿ ಇತ್ತು.

ಕವರ್ ಒಡೆದೆ. ಇನ್ನೂ ಎಲ್ಲಿಯೂ ಕೊಟ್ಟಿರದ ಕಾಗದ. ಅದು ಒಳಗೆ ಹೋಗುವವರೆಗೆ ಅವನು ಕನಿಷ್ಠ ಒಂದು ಫೈಲಿನಲ್ಲಿ ಬದುಕಿದ್ದ. ಪಕ್ಕದಲ್ಲಿ ಡಾಂಗಲ್ ಇಟ್ಟೆ. ನೋಟ್‌ಬುಕ್ ಇಟ್ಟೆ.

"ಈ ಪ್ರಾಜೆಕ್ಟಿನ ಆರ್ಕಿಟೆಕ್ಟ್ ತೀರಿಹೋಗಿದ್ದಾರೆ. ಇವತ್ತಿನಿಂದ ಈ ಸಹಿ ನಡೆಯಲ್ಲ. ಹೊಸ ಅರ್ಜಿ ಬಂದಾಗ ಗಲ್ಲಿಯವರನ್ನ ಕೇಳ್ಬೇಕು. ಇದು ಅರವತ್ತಮೂರು ಮನೆಗಳ ಬಿಸಿಲಿನ ಲೆಕ್ಕ. ಆಕ್ಷೇಪಣೆ ನನ್ನ ಹೆಸರಲ್ಲಿ ಬರ್ಕೊಳ್ಳಿ."

"ಸತ್ತೋರಿಗೂ ನಿಮಗೂ ಸಂಬಂಧ?"

"ಹೆಂಡತಿ."

ರಾಮಲಿಂಗಯ್ಯ ಸೀಲನ್ನು ಇಂಕಿಗೆ ಒತ್ತಿದರು. ಒಂದು ಸಲ ನನ್ನ ಮುಖ ನೋಡಿದರು.

ಧಪ್!

ಚೈತನ್ಯ ಎರಡನೇ ಸಲ ಸತ್ತ. ಈ ಸಲ ನನ್ನ ಕೈಯಿಂದ. ಗಂಟೆ ಒಂದು ನಲವತ್ತು.

ಲೋಕೇಶ್ ಏನೋ ಹೇಳಿದ. ಬಾಲರಾಜು ಸಜ್ಜದ ಮೇಲೆ ಹೇಳಿದ್ದನ್ನು ಅರ್ಧ ಗಲ್ಲಿ ಕೇಳಿದೆ ಎಂದು ನೆನಪಿಸಿದೆ. ನನ್ನ ಮುಂದಿನ ನಿಲ್ದಾಣ ಪೊಲೀಸ್ ಠಾಣೆ ಎಂದೂ ಹೇಳಿದೆ. ಅವನು ಕಾರಿನ ಕೀ ಹುಡುಕುತ್ತಾ ಹೊರಗೆ ನಡೆದ.

ದೂರು ಬರೆದುಕೊಟ್ಟು ಚರಕದ ಗಲ್ಲಿಗೆ ಹೋದಾಗ ಬಿಸಿಲು ಇಳಿಯುತ್ತಿತ್ತು. ನಿಖಾತ್ ಒಣಗಿದ ಹುಳುಗಳನ್ನು ಚೀಲಕ್ಕೆ ತುಂಬುತ್ತಿದ್ದಳು.

"ನನ್ನ ಗಂಡ ತಗೊಂಡಿದ್ದು. ವಾಪಸ್ ಕೊಡೋಕೆ ಬಂದೆ."

ದುಪಟ್ಟ ಮಡಿಸಿ ಮೇಲಿಟ್ಟು, ಕನ್ನಡಿ ಕೊಟ್ಟೆ. ಅವಳು ಚೌಕಟ್ಟಿನ ಕೆಂಪನ್ನು ಬೆರಳಿನಿಂದ ಸವರಿದಳು.

"ಚಿಮಣಿ ಮೇಲೆ ಗಾಳಿಗೆ ಚೌಕಟ್ಟು ಬಿಟ್ಕೊಂಡಿತ್ತು. 'ಹೆಂಗಿತ್ತೋ ಹಂಗೇ ವಾಪಸ್ ಕೊಡ್ತೀನಮ್ಮ, ಚನ್ನಪಟ್ಟಣಕ್ಕೆ ಹೋಗಿ ಅರಗು ಹಾಕಿಸ್ಕೊಂಡು ಬರ್ತೀನಿ' ಅಂದ್ರು. ನಾನು ಬೇಡ ಅಂದೆ ಭಾಬಿ. ಕೇಳ್ಲಿಲ್ಲ."

ಹಾಗಾಗಿ ಆ ದಿನ ಆ ರಸ್ತೆ.

ಕನ್ನಡಿಯಲ್ಲಿ ಇಬ್ಬರ ಮುಖವೂ ಇತ್ತು. ಅವಳದ್ದರ ಹಿಂದೆ ಮೆಟ್ಟಿಲು ಹತ್ತಿ ಬರುತ್ತಿದ್ದ ಶರೀಫ್ ಕಂಡ. ನನ್ನದರ ಹಿಂದೆ ಚಿಮಣಿ.

ನಾನು ಕಣ್ಣು ತೆಗೆದೆ.

"ಕೂರಿ ಭಾಬಿ. ಚಾ ತರ್ತೀನಿ." ಸ್ಟೂಲು ಎಳೆದಳು. ಯಾವ ಸ್ಟೂಲು ಎಂದು ನಾನು ಕೇಳಲಿಲ್ಲ. ಕೂತೆ. "ಸಕ್ಕರೆ ಎಷ್ಟು?"

"ಅವನಿಗೆ ಎಷ್ಟು ಹಾಕ್ತಿದ್ದೆ?"

"ಸಾಬ್ರಿಗಾ? ಮೂರು ಚಮಚ. ಕಮ್ಮಿ ಆದ್ರೆ ಲೋಟ ವಾಪಸ್ ಕಳಿಸ್ತಿದ್ರು."

ಮೂರು ಚಮಚ!

ಡಾಕ್ಟರ್ ಹೇಳಿದ್ದಾರೆಂದು ನಾಲ್ಕು ವರ್ಷ ನನ್ನೆದುರು ಸಕ್ಕರೆಯಿಲ್ಲದ ಕಾಫಿ ಕುಡಿದವನು. 'ಅಭ್ಯಾಸ ಆಗಿದೆ ಪ್ರತಿಮಾ' ಎಂದವನು. ನಾನೂ ಅವನ ಜೊತೆಗೆ ಬಿಟ್ಟಿದ್ದೆ.

"ನನಗೂ ಮೂರು ಹಾಕು," ಎಂದೆ.

ಇಡೀ ತನಿಖೆಯಲ್ಲಿ ಸಾಬೀತಾದ ದ್ರೋಹ ಅದೊಂದೇ.